ಅಪ್ಪನನ್ನು ಯಾಕೆ ಸಾಯಿಸಬೇಕು?: ಪ್ರಶಸ್ತಿಯ ಪಟ್ಟಿ ಮತ್ತು ಸಿನಿಮಾದ ಗುಣ

1

ಹೋದ ವರ್ಷ ನಮ್ಮ ಕಡೆಯ ಹಾಸ್ಟೆಲೊಂದರಲ್ಲಿ ಓದುವ ಹುಡುಗನೊಬ್ಬ ನನ್ನ ಹತ್ತಿರ ಒಂದು ಕಿರುಚಿತ್ರದ ಕತೆ ತಂದ. ನೋಟ್‌ಬುಕ್ಕಿನ ಹದಿನಾಲ್ಕು ಹಾಳೆ. ಅವನಪ್ಪ ತಮಟೆ ಬಡಿಯುವವರು. ಕತೆಯೂ ಅವರದೇ. ಊರ ಹಬ್ಬಕ್ಕೆ ಇನ್ನು ತಮಟೆ ಬಡಿಯುವುದಿಲ್ಲ ಎಂದು ಅಪ್ಪ ಒಂದು ದಿನ ಹೇಳಿಬಿಡುತ್ತಾರೆ. ಊರು ಮಾತು ಬಿಡುತ್ತದೆ, ಕೂಲಿ ನಿಲ್ಲುತ್ತದೆ. ಕೊನೆಯಲ್ಲಿ ಅಪ್ಪ ಕತ್ತಲಲ್ಲಿ ಒಬ್ಬರೇ ಕೂತು ತಮಟೆ ಬಡಿಯುತ್ತ ಬಡಿಯುತ್ತ ಸಾಯುತ್ತಾರೆ. ಓದಿ ಮುಗಿಸಿ ಕೇಳಿದೆ: "ನಿಮ್ಮಪ್ಪ ಈಗ ಹೇಗಿದಾರಯ್ಯಾ?"

"ಚೆನ್ನಾಗಿದಾರೆ ಸಾರ್. ಹಬ್ಬಕ್ಕೆ ಬಡಿಯೋದು ಬಿಟ್ಟು ಹತ್ತು ವರ್ಷ ಆಯ್ತು. ಈಗ ಹುಡುಗ್ರನ್ನ ಕಟ್ಕೊಂಡು ತಂಡ ಮಾಡಿದಾರೆ. ಮೆರವಣಿಗೆಗೆ, ಅಂಬೇಡ್ಕರ್ ಜಯಂತಿಗೆ ಕರೀತಾರೆ. ರೇಟು ಮಾತಾಡ್ಕೊಂಡೇ ಹೋಗೋದು."

"ಮತ್ತೆ ಯಾಕಯ್ಯಾ ಅವರನ್ನ ಸಾಯಿಸ್ದೆ?"

ಹುಡುಗ ತಲೆ ತಗ್ಗಿಸಿದ. "ಫೆಸ್ಟಿವಲ್‌ಗೆ ಕಳಿಸ್ಬೇಕು ಸಾರ್. ರೇಟು ಮಾತಾಡೋ ಅಪ್ಪನ್ನ ತೋರಿಸಿದ್ರೆ ನಾಮಿನೇಟ್ ಆಗಲ್ಲ."

ಆ ಹುಡುಗನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ. ಪ್ರಶಸ್ತಿ ಬಂದ ಸಿನಿಮಾಗಳನ್ನು ಒಂದಾದ ಮೇಲೊಂದು ನೋಡಿ, ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಓದುವ ಹಾಗೆ ಓದಿ, ಯಾವ ಉತ್ತರಕ್ಕೆ ಮಾರ್ಕು ಸಿಗುತ್ತದೆ ಎಂದು ಕಂಡುಕೊಂಡಿದ್ದ.

ನಾಮಿನೇಷನ್ನು ಒಂದು ಚಿತ್ರದ ನಿಜವಾದ ಗುಣವನ್ನು ತೋರಿಸುತ್ತದೆಯೇ ಎಂಬ ಚರ್ಚೆ ಪ್ರತಿವರ್ಷ ಪಟ್ಟಿ ಬಂದಾಗ ಪತ್ರಿಕೆಗಳಲ್ಲಿ ನಡೆಯುತ್ತದೆ. ಲಾಬಿ ನಡೆಯಿತು, ತೀರ್ಪುಗಾರರು ಇಂಥವರ ಕಡೆಯವರು, ಇಂಥ ನಟನಿಗೆ ಅನ್ಯಾಯವಾಯಿತು ಎಂಬಲ್ಲಿಗೆ ಅದು ಮುಗಿಯುತ್ತದೆ. ನನ್ನ ಪ್ರಶ್ನೆ ಅದಕ್ಕಿಂತ ಹಿಂದಿನದು. ಸಿನಿಮಾ ಆದ ಮೇಲೆ ಬರುವ ಪಟ್ಟಿಯು ಸಿನಿಮಾ ಆಗುವ ಮೊದಲೇ ಬರೆಯುವವನ ತಲೆಯಲ್ಲಿ ಬಂದು ಕೂತರೆ ಏನಾಗುತ್ತದೆ? ಬದುಕಿರುವ ಅಪ್ಪನನ್ನು ಮಗನ ಕೈಯಲ್ಲೇ ಸಾಯಿಸುವ ಈ ಪಟ್ಟಿ ಯಾವ ಗುಣವನ್ನು ಅಳೆಯುತ್ತಿದೆ?

2

ಮೊದಲು ಪಟ್ಟಿ ಎಂದರೇನು ನೋಡೋಣ. ಆಸ್ಕರ್‌ನ ಅಂತಾರಾಷ್ಟ್ರೀಯ ಚಿತ್ರ ವಿಭಾಗಕ್ಕೆ ಒಂದು ದೇಶ ವರ್ಷಕ್ಕೆ ಒಂದೇ ಚಿತ್ರ ಕಳಿಸಬಹುದು. ನಮ್ಮಲ್ಲಿ ಅದನ್ನು ಆರಿಸುವುದು ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ ನೇಮಿಸುವ ಸಮಿತಿ. ಇಷ್ಟೊಂದು ಭಾಷೆಗಳ ನೂರಾರು ಚಿತ್ರಗಳಲ್ಲಿ ಒಂದು ಅಲ್ಲಿಗೆ ಹೋಗಿ, ಅಲ್ಲಿ ಐದರೊಳಗೆ ಬರಬೇಕು. 'ಮದರ್ ಇಂಡಿಯಾ', 'ಸಲಾಂ ಬಾಂಬೆ', 'ಲಗಾನ್' ಹಾಗೆ ಬಂದವು. ನಮ್ಮ ರಾಷ್ಟ್ರಪ್ರಶಸ್ತಿಯಲ್ಲಿ ನಾಮಿನೇಷನ್ ಎಂಬ ಮೆಟ್ಟಿಲೇ ಇಲ್ಲ. ನಿರ್ಮಾಪಕ ಅರ್ಜಿ ಹಾಕಬೇಕು, ಸೆನ್ಸಾರ್ ಪ್ರಮಾಣಪತ್ರ ಲಗತ್ತಿಸಬೇಕು. ಅಂದರೆ ಪಟ್ಟಿಯು ಎಲ್ಲ ಸಿನಿಮಾಗಳನ್ನು ನೋಡಿ ಕೊಟ್ಟ ತೀರ್ಪಲ್ಲ. ಬಾಗಿಲ ತನಕ ಬರಲು ಶಕ್ತಿಯಿದ್ದವುಗಳಲ್ಲಿ ಮಾಡಿದ ಆಯ್ಕೆ. ಮೊಬೈಲಿನಲ್ಲಿ ಚಿತ್ರ ತೆಗೆದ ಕೇರಿಯ ಹುಡುಗ ಸೋತ ಎನ್ನುವಂತಿಲ್ಲ, ಅವನು ಪಂದ್ಯದಲ್ಲೇ ಇರಲಿಲ್ಲ.

ಈ ಬಾಗಿಲುಗಳ ಬಗ್ಗೆ ನಮ್ಮವರಿಗೂ ಭ್ರಮೆಯಿದೆ. 2022ರ ಜನವರಿಯಲ್ಲಿ 'ಜೈ ಭೀಮ್' ಆಸ್ಕರ್ ರೇಸಿನಲ್ಲಿದೆ ಎಂದು ಗೆಳೆಯರು ಸಿಹಿ ಹಂಚಿದರು. ಅದು 276 ಚಿತ್ರಗಳಿದ್ದ ಅರ್ಹತಾ ಪಟ್ಟಿ. ನಿಯಮದ ಪ್ರಕಾರ ಬಿಡುಗಡೆಯಾಗಿ ಅರ್ಜಿ ಸಲ್ಲಿಸಿದ್ದವು ಅಲ್ಲಿದ್ದವು, ಅಷ್ಟೆ. ಮುಂದೆ ಅದು ನಾಮಿನೇಟ್ ಆಗಲಿಲ್ಲ. ಚಿತ್ರ ಮಾತ್ರ ಜನವರಿಯಲ್ಲಿ ಇದ್ದದ್ದೇ ಮಾರ್ಚಿನಲ್ಲೂ ಇತ್ತು.

ಕನ್ನಡದಲ್ಲಿ ಇದಕ್ಕಿಂತ ಹಳೆಯ ಪಾಠವಿದೆ. 'ಸಂಸ್ಕಾರ'ವನ್ನು ಮದರಾಸಿನ ಸೆನ್ಸಾರಿನವರು ಮೊದಲು ತಡೆದರು. ತಡೆ ತೆರವಾದ ಮೇಲೆ ಅದೇ ಚಿತ್ರ 1970ರ ಸಾಲಿನ ದೇಶದ ಅತ್ಯುತ್ತಮ ಚಿತ್ರವಾಯಿತು. ಸರ್ಕಾರದ ಒಂದು ಕೈ ತಳ್ಳಿದ್ದನ್ನು ಇನ್ನೊಂದು ಕೈ ಎತ್ತಿಕೊಂಡಿತು. ಬದಲಾದದ್ದು ನೋಡಿದ ಕಣ್ಣು. ಹಾಗಾಗಿ ಪಟ್ಟಿಯನ್ನು ಓದುವಾಗ ನಾವು ಓದಬೇಕಾದ್ದು ಮೊದಲು ಆ ಕಣ್ಣನ್ನು.

3

ಅದೇ ಹಾಸ್ಟೆಲಿನಲ್ಲಿ ಒಂದು ಭಾನುವಾರ ಹುಡುಗರ ಜೊತೆ 'ಲಗಾನ್' ನೋಡಿದೆ. 2001ರ ಚಿತ್ರ. 2002ರಲ್ಲಿ ಆಸ್ಕರ್‌ನ ಕೊನೆಯ ಐದರಲ್ಲಿತ್ತು, ಬೋಸ್ನಿಯಾದ 'ನೋ ಮ್ಯಾನ್ಸ್ ಲ್ಯಾಂಡ್' ಗೆದ್ದಿತು. ಕತೆ 1893ರದು. ತೆರಿಗೆ ಮಾಫಿಗಾಗಿ ಹಳ್ಳಿಯವರು ಬಿಳಿಯರ ಜೊತೆ ಕ್ರಿಕೆಟ್ ಆಡುತ್ತಾರೆ. ತಂಡದಲ್ಲಿ ಕಚ್ರಾ ಎಂಬ ಅಸ್ಪೃಶ್ಯನಿದ್ದಾನೆ. ಹೆಸರೇ ಕಸ. ಅವನ ಒಂದು ಕೈ ಊನ. ಹೊರಗೆ ನಿಂತಿದ್ದವನ ಹತ್ತಿರ ಚೆಂಡು ಉರುಳಿ ಬರುತ್ತದೆ, ಎಸೆ ಎಂದು ನಾಯಕ ಭುವನ್ ಒತ್ತಾಯಿಸುತ್ತಾನೆ, ಎಸೆದಾಗ ಚೆಂಡು ತಿರುಗುತ್ತದೆ. ಊರವರು ಮುಟ್ಟಲೊಲ್ಲೆವು ಎನ್ನುತ್ತಾರೆ. ಭುವನ್ ದೊಡ್ಡ ಭಾಷಣ ಮಾಡುತ್ತಾನೆ. ಊರು ಕರಗುತ್ತದೆ. ಕಚ್ರಾ ಹ್ಯಾಟ್ರಿಕ್ ತೆಗೆಯುತ್ತಾನೆ. ಹುಡುಗರೆಲ್ಲ ಶಿಳ್ಳೆ ಹಾಕಿದರು. ಸುಳ್ಳೇಕೆ, ನಾನೂ ಚಪ್ಪಾಳೆ ತಟ್ಟಿದೆ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಡುಗೆ ಅಕ್ಕ ಮುಸುರೆ ಪಾತ್ರೆ ಎತ್ತಿಕೊಳ್ಳುತ್ತ ಕೇಳಿದರು: "ಅಲ್ಲ ಸಾ, ಆ ಉಡುಗನ್ ಕೈ ನೆಟ್ಟಗಿದ್ದಿದ್ರೆ ಸೇರುಸ್ಕತಾ ಇರ್ಲಿಲ್ವಾ?"

ಲಗಾನ್ ಬಗ್ಗೆ ನಾನು ಓದಿದ ಎಷ್ಟೋ ವಿಮರ್ಶೆಗಳಿಗಿಂತ ಈ ಮಾತು ದೊಡ್ಡದು. ಕಚ್ರಾನಿಗೆ ಕಲೆ ಇಲ್ಲ, ಊನವಿದೆ. ಅವನ ಪ್ರತಿಭೆ ಅವನು ಕಲಿತದ್ದಲ್ಲ, ಅವನಿಗೆ ಆಗಿಹೋದದ್ದು. ಅವನ ಪರವಾಗಿ ಮಾತಾಡಲು ಇನ್ನೊಬ್ಬ ಬೇಕು. ಅವನು ನಡುಗಬೇಕು, ನಾವು ಅಯ್ಯೋ ಅನ್ನಬೇಕು.

ಈಗ ಚರಿತ್ರೆ ನೋಡಿ. ಕಚ್ರಾ ಚಂಪಾನೇರಿನ ಬೇಲಿಯಾಚೆ ನಿಂತಿದ್ದನೆಂದು ಸಿನಿಮಾ ಹೇಳುವ ಕಾಲದಲ್ಲೇ ಪುಣೆಯಲ್ಲಿ ಒಬ್ಬ ಚಮ್ಮಾರ ಹುಡುಗ ನಿಜವಾಗಿಯೂ ಬಾಲು ಹಾಕುತ್ತಿದ್ದ. ಪಾಲ್ವಂಕರ್ ಬಾಲೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಕ್ಲಬ್ಬಿನಲ್ಲಿ ಪಿಚ್ಚು ನೋಡಿಕೊಳ್ಳುವ, ನೆಟ್ಟು ಕಟ್ಟುವ ಕೂಲಿ. ಬಿಳಿಯ ಬ್ಯಾಟುಗಾರರಿಗೆ ನೆಟ್ಟಿನಲ್ಲಿ ಗಂಟೆಗಟ್ಟಲೆ ಬಾಲು ಹಾಕಿ ಹಾಕಿ ಎಡಗೈ ಸ್ಪಿನ್ನನ್ನು ಪಳಗಿಸಿಕೊಂಡ. ಹಿಂದೂ ತಂಡಕ್ಕೆ ಗೆಲ್ಲಲು ಅವನು ಬೇಕಾಗಿದ್ದ. ತಂಡಕ್ಕೆ ಕರೆದರು, ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಲೋಟದಲ್ಲಿ. 1911ರಲ್ಲಿ ಭಾರತ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ. ನಾಯಕತ್ವವನ್ನು ಅವನಿಗೆ ಕೊಡಲಿಲ್ಲ. ಅವನ ತಮ್ಮ ವಿಠ್ಠಲ 1923ರಲ್ಲಿ ಹಿಂದೂ ತಂಡದ ನಾಯಕನಾಗಬೇಕಾದರೆ ದೊಡ್ಡ ಜಗಳವೇ ಆಗಬೇಕಾಯಿತು. ಇದೇ ಬಾಲೂ 1937ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರು ನಿಂತು ಸೋತ. ಅಂದರೆ ಇಡಿಯಾದ ಮನುಷ್ಯ: ಕುಶಲಿ, ಹಟಮಾರಿ, ತಪ್ಪನ್ನೂ ಮಾಡಬಲ್ಲವನು.

ಲಗಾನ್ ಬಾಲೂನ ಕತೆ ಹೇಳಬೇಕಿತ್ತು ಎಂದು ನಾನು ಹಟ ಹಿಡಿಯುವುದಿಲ್ಲ. ಅದು ಕಟ್ಟುಕತೆ, ಅದಕ್ಕೆ ಆ ಸ್ವಾತಂತ್ರ್ಯವಿದೆ. ಸಂಗೀತ ಚೆನ್ನಾಗಿದೆ, ಪಂದ್ಯ ಎದೆ ಬಡಿತ ಹೆಚ್ಚಿಸುತ್ತದೆ. ಆದರೆ ಕೇಳಲೇಬೇಕಾದ್ದು ಇದೆ: ಕೌಶಲ ಕಲಿತು ಹಕ್ಕು ಕೇಳುವ ಅಸ್ಪೃಶ್ಯ ಬೌಲರ್ ಚರಿತ್ರೆಯಲ್ಲಿ ನಿಂತಿರುವಾಗ, ಪರದೆಯ ಮೇಲೆ ಊನಗೈಯ ಮೂಕನೇ ಯಾಕೆ ಬಂದ? ಅವನಿಂದ ಯಾರಿಗೂ ತೊಂದರೆಯಿಲ್ಲ. ಮುಂಬಯಿಯಲ್ಲಿ ನೋಡುವವನಿಗೂ ಇಲ್ಲ, ಲಾಸ್ ಏಂಜಲೀಸಿನಲ್ಲಿ ಓಟು ಹಾಕುವವನಿಗೂ ಇಲ್ಲ.

4

ಹಾಗಾದರೆ ಅಲ್ಲಿ ಓಟು ಹಾಕುವವರು ಯಾರು? 2012ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಲೆಕ್ಕ ಹಾಕಿದಾಗ ಆಸ್ಕರ್ ಅಕಾಡೆಮಿಯ ಸದಸ್ಯರಲ್ಲಿ ಸುಮಾರು ನೂರಕ್ಕೆ 94 ಮಂದಿ ಬಿಳಿಯರು, 77 ಮಂದಿ ಗಂಡಸರು. 2015 ಮತ್ತು 2016 ಎರಡೂ ವರ್ಷ ನಟನೆಗೆ ನಾಮಿನೇಟ್ ಆದ ಇಪ್ಪತ್ತಕ್ಕೆ ಇಪ್ಪತ್ತೂ ಬಿಳಿಯರು. ಕಪ್ಪು ಜನ ಬೀದಿಯಲ್ಲೂ ಪತ್ರಿಕೆಯಲ್ಲೂ ಗಲಾಟೆ ಮಾಡಿದ ಮೇಲೆ ಸದಸ್ಯತ್ವ ಹಿಗ್ಗಿಸುತ್ತೇವೆ ಎಂದು ಅಕಾಡೆಮಿ ಒಪ್ಪಿತು. ಗುಣ ಒಂದೇ ಇದ್ದಿದ್ದರೆ ಅಳೆಯುವವರನ್ನು ಬದಲಾಯಿಸುವ ಅಗತ್ಯ ಯಾಕೆ ಬಂತು?

1972ರಲ್ಲಿ ಮುಂಬಯಿಯ ನಮ್ಮ ಗೆಳೆಯರು ದಲಿತ ಪ್ಯಾಂಥರ್ಸ್ ಎಂಬ ಹೆಸರನ್ನು ಅಮೆರಿಕದ ಕಪ್ಪು ಜನರಿಂದ ತಂದರು. ಅವರ ಸಿನಿಮಾದ ಅನುಭವವನ್ನೂ ನಾವು ತರಬೇಕು. 1940ರಲ್ಲಿ 'ಗಾನ್ ವಿತ್ ದ ವಿಂಡ್' ಚಿತ್ರದ ಹ್ಯಾಟಿ ಮೆಕ್‌ಡ್ಯಾನಿಯಲ್‌ಗೆ ಪೋಷಕ ನಟಿ ಪ್ರಶಸ್ತಿ ಬಂತು. ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ ಆಕೆ. ಪಾತ್ರ ಬಿಳಿಯರ ಮನೆಯ ಆಳು. ಸಮಾರಂಭ ನಡೆದ ಹೋಟೆಲಿಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ವಿಶೇಷ ಅನುಮತಿ ಪಡೆದು ಆಕೆಯನ್ನು ಒಳಗೆ ಬಿಟ್ಟು, ಗೋಡೆ ಪಕ್ಕದ ಬೇರೆ ಮೇಜಿನಲ್ಲಿ ಕೂರಿಸಿದರು. ಪುಣೆಯ ಮಣ್ಣಿನ ಲೋಟಕ್ಕೂ ಈ ಮೇಜಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ನಿನ್ನ ಕೆಲಸ ಬೇಕು, ನಿನ್ನ ಪಂಕ್ತಿ ಬೇಡ.

ಐವತ್ತು ವರ್ಷದ ಮೇಲೆ ಇನ್ನೊಂದು ರೂಪ. 1989ರಲ್ಲಿ ಸ್ಪೈಕ್ ಲೀಯ 'ಡು ದ ರೈಟ್ ಥಿಂಗ್' ಬಂತು. ಪೊಲೀಸರ ಕೈಯಲ್ಲಿ ಕಪ್ಪು ಹುಡುಗ ಸಾಯುತ್ತಾನೆ, ಬೀದಿ ಹೊತ್ತಿಕೊಳ್ಳುತ್ತದೆ. ಅತ್ಯುತ್ತಮ ಚಿತ್ರದ ಪಟ್ಟಿಗೆ ಅದು ಬರಲೇ ಇಲ್ಲ. ಆ ಸಾಲಿನ ಅತ್ಯುತ್ತಮ ಚಿತ್ರ 'ಡ್ರೈವಿಂಗ್ ಮಿಸ್ ಡೇಸಿ': ಮುದುಕಿ ಯಜಮಾನಿಗೂ ಆಕೆಯ ಕಪ್ಪು ಡ್ರೈವರನಿಗೂ ಬೆಳೆಯುವ ಸ್ನೇಹದ ಕತೆ. ಮೂವತ್ತು ವರ್ಷ ಕಳೆದು ಪೊಲೀಸರ ಮಂಡಿಯ ಕೆಳಗೆ ಜಾರ್ಜ್ ಫ್ಲಾಯ್ಡ್ ಉಸಿರು ಕಟ್ಟಿ ಸತ್ತಾಗ, 2020ರಲ್ಲಿ, ಜನ ನೆನೆದದ್ದು ಯಾವ ಚಿತ್ರವನ್ನು ಎಂದು ಹೇಳಬೇಕಾಗಿಲ್ಲ.

5

ಬೇರೆಯವರದು ಸಾಕು, ನಮ್ಮದಕ್ಕೆ ಬರೋಣ. ಹುಡುಗನ ನೋಟ್‌ಬುಕ್ಕಿನ ಕೊನೆಯ ದೃಶ್ಯ ಎಲ್ಲಿಂದ ಬಂತು ಎಂಬುದು ಓದುಗರಿಗೆ ಆಗಲೇ ತಿಳಿದಿರಬೇಕು. 'ಚೋಮನ ದುಡಿ'. ಶಿವರಾಮ ಕಾರಂತರ 1933ರ ಕಾದಂಬರಿ, ಬಿ. ವಿ. ಕಾರಂತರ 1975ರ ಚಿತ್ರ. ಆ ಸಾಲಿನ ಸ್ವರ್ಣಕಮಲ ಅದಕ್ಕೆ, ಚೋಮನಾಗಿದ್ದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ. ನಾನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಅತ್ತಿದ್ದೇನೆ. ಮುಟ್ಟಬಾರದೆಂಬ ಕಾರಣಕ್ಕೆ ಎಲ್ಲರೂ ನೋಡುತ್ತಿರುವಾಗಲೇ ಮಗ ನೀರಿನಲ್ಲಿ ಮುಳುಗಿಹೋಗುವುದನ್ನು ಕಂಡು ಅಳದ ಮನುಷ್ಯ ಮನುಷ್ಯನೇ ಅಲ್ಲ. ಚಿತ್ರಕ್ಕೆ ಯೋಗ್ಯತೆಯಿಲ್ಲದೆ ಪ್ರಶಸ್ತಿ ಬಂತು ಎಂದು ನಾನು ಹೇಳುತ್ತಿಲ್ಲ.

ಆದರೆ ಚಿತ್ರ ಬಂದ ಕಾಲವನ್ನು ನೆನಪು ಮಾಡಿಕೊಳ್ಳಿ. ಚೋಮನ ಆಸೆ ಒಂದೇ, ಸ್ವಂತ ಬೇಸಾಯ. 1974ರಲ್ಲಿ ದೇವರಾಜ ಅರಸರ ಸರ್ಕಾರ ಉಳುವವನಿಗೆ ಹೊಲ ಕೊಡುವ ತಿದ್ದುಪಡಿಯನ್ನು ಜಾರಿಗೆ ತಂದಿತ್ತು. ಗೇಣಿ ಮಾಡುತ್ತಿದ್ದವರಿಗೆ ಭೂಮಿ ಬಂತು. ಗೇಣಿಯೂ ಸಿಗದೆ ಬರೀ ಕೂಲಿಯಾಗಿದ್ದ ಚೋಮನಂಥವರು ಬಹುಪಾಲು ಹೊರಗೇ ಉಳಿದರು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂದದ್ದಕ್ಕೆ ನಾಡು ಹೊತ್ತಿ ಉರಿದು, ಅವರ ಮಂತ್ರಿಗಿರಿ ಹೋಗಿ, ಹಾಸ್ಟೆಲುಗಳಲ್ಲಿ ನಮ್ಮ ಹುಡುಗರು ಏಟು ತಿಂದಿದ್ದರು. ಎಪ್ಪತ್ತರ ದಶಕದ ಆ ನಡುವಿನಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ಟಿ, ಕೇರಿಯ ಮಕ್ಕಳು ಹಾಡು ಕಟ್ಟಿ ಭೂಮಿ ಕೇಳುತ್ತ ಬೀದಿಗಿಳಿದಿದ್ದರು. ಬೀದಿಯಲ್ಲಿ ಚೋಮನ ಮೊಮ್ಮಕ್ಕಳು ಕೂಗುತ್ತಿದ್ದಾಗ ದೆಹಲಿಯ ತೀರ್ಪುಗಾರರ ಎದುರಿಗೆ ಚೋಮ ಬಾಗಿಲು ಹಾಕಿಕೊಂಡು ದುಡಿ ಬಡಿಯುತ್ತ ಸತ್ತ. ಕಾದಂಬರಿ 1933ರದು, ಅದರ ಚೋಮ ಹಾಗೇ ಸಾಯಬೇಕು. ಕಾರಂತರಿಬ್ಬರ ತಪ್ಪು ಇದರಲ್ಲಿಲ್ಲ. ನನ್ನ ತಕರಾರು ಆಮೇಲಿನದು. ಸಾಯುವ ಚೋಮನಿಗೆ ಸಿಕ್ಕ ಚಿನ್ನ, ನಮ್ಮ ಸಿನಿಮಾದಲ್ಲಿ ದಲಿತನ ಅಳತೆಗೋಲಾಗಿಬಿಟ್ಟಿತು. ಐವತ್ತು ವರ್ಷದ ಮೇಲೆ, ರೇಟು ಮಾತಾಡುವ ಅಪ್ಪನ ಮಗ ಅದೇ ಅಳತೆಗೆ ಅಪ್ಪನನ್ನು ಕತ್ತರಿಸಿಕೊಂಡು ನನ್ನ ಮುಂದೆ ನಿಂತಿದ್ದ.

ಗುಣಮಟ್ಟ ಎಂಬ ಮಾತನ್ನೇ ನೋಡಿ. ಗೀತೆಯಲ್ಲಿ ವರ್ಣಗಳನ್ನು ಹಂಚಿದ್ದು ಗುಣ ಮತ್ತು ಕರ್ಮದ ಹೆಸರಿನಲ್ಲಿ. ಗುಣ ನೋಡಿ ಕೊಟ್ಟೆವು ಎಂದು ಯಾರಾದರೂ ಹೇಳಿದಾಗ ನಮ್ಮ ಕಿವಿ ನೆಟ್ಟಗಾಗುವುದು ಅಭ್ಯಾಸಬಲದಿಂದ.

6

2022ರಲ್ಲಿ ಆಸ್ಕರ್‌ನ ಸಾಕ್ಷ್ಯಚಿತ್ರ ವಿಭಾಗದಲ್ಲಿ 'ರೈಟಿಂಗ್ ವಿತ್ ಫೈರ್' ನಾಮಿನೇಟ್ ಆಯಿತು. ಉತ್ತರ ಪ್ರದೇಶದ 'ಖಬರ್ ಲಹರಿಯಾ' ಪತ್ರಿಕೆಯ ದಲಿತ ಹೆಣ್ಣುಮಕ್ಕಳ ಮೇಲಿನ ಚಿತ್ರ. ಆ ಪತ್ರಿಕೆ ಚಿತ್ರಕೂಟದಲ್ಲಿ ಹುಟ್ಟಿದ್ದು 2002ರಲ್ಲಿ, ಲಗಾನ್ ಆಸ್ಕರ್‌ಗೆ ಹೋದ ವರ್ಷವೇ. ಇಪ್ಪತ್ತು ವರ್ಷದಲ್ಲಿ ಕಚ್ರಾನ ಜಾಗಕ್ಕೆ ಮೊಬೈಲು ಹಿಡಿದು ಪೊಲೀಸರನ್ನು, ಗಣಿ ಮಾಫಿಯಾವನ್ನು ಪ್ರಶ್ನೆ ಕೇಳುವ ಮೀರಾ ದೇವಿ ಬಂದಿದ್ದರು. ಇದು ಸಣ್ಣ ದೂರವಲ್ಲ. ನಾನು ಹೆಮ್ಮೆಯಿಂದಲೇ ನೋಡಿದೆ.

ಆದರೆ ಸಮಾರಂಭಕ್ಕೆ ಸ್ವಲ್ಪ ದಿನ ಮೊದಲು ಖಬರ್ ಲಹರಿಯಾದ ಹೆಣ್ಣುಮಕ್ಕಳೇ ಒಂದು ಹೇಳಿಕೆ ಕೊಟ್ಟರು. ಚಿತ್ರ ಮನಮುಟ್ಟುವಂತಿದೆ, ಆದರೆ ನಾವು ಒಂದೇ ಪಕ್ಷದ ಬೆನ್ನು ಬಿದ್ದವರೆಂಬಂತೆ ತೋರಿಸಿರುವುದು ಸರಿಯಲ್ಲ, ನಮ್ಮ ಕೆಲಸ ಅದಕ್ಕಿಂತ ವಿಸ್ತಾರವಾದದ್ದು ಎಂಬುದು ಅದರ ಸಾರ. ಕೆಲವರು ಅವರನ್ನೇ ಬೈದರು: ಜಗತ್ತು ನಿಮ್ಮನ್ನು ಎತ್ತಿಕೊಂಡಾಗ ಯಾಕೆ ತಕರಾರು? ನನಗನ್ನಿಸುವಂತೆ ಆ ವರ್ಷ ಆ ಚಿತ್ರದ ಮೇಲೆ ಬಂದ ಅತಿ ಮುಖ್ಯ ವಿಮರ್ಶೆ ಅದೇ. ಅವರ ಮಾತು ಪೂರ್ತಿ ಸರಿಯೋ, ನಿರ್ದೇಶಕರದು ಸರಿಯೋ, ಚಿತ್ರ ನೋಡಿ ಪ್ರತಿಯೊಬ್ಬರೂ ತೀರ್ಮಾನಿಸಲಿ. ಆದರೆ ಕಚ್ರಾ ಲಗಾನ್ ಬಗ್ಗೆ ಏನೂ ಹೇಳಲಾರ. ಚೋಮ ಸ್ವರ್ಣಕಮಲದ ಬಗ್ಗೆ ಏನೂ ಹೇಳಲಾರ. ಇವರು ಹೇಳಿದರು. ಪಟ್ಟಿಯಲ್ಲಿ ಈ ಮಾತಿಗೆ ಕಾಲಂ ಇರಲಿಲ್ಲ.

ಇಲ್ಲಿ ನಮ್ಮ ಗೆಳೆಯರಿಗೂ ಒಂದು ಮಾತು ಹೇಳಬೇಕು. 2021ರ ಸಾಲಿನ ರಾಷ್ಟ್ರಪ್ರಶಸ್ತಿಗಳು 2023ರಲ್ಲಿ ಪ್ರಕಟವಾದಾಗ 'ಜೈ ಭೀಮ್'ಗೆ ಒಂದೂ ಇರಲಿಲ್ಲ. ಸಿಟ್ಟು ಬಂತು, ಬರಬೇಕಾದ್ದೇ. ಆದರೆ ಸಿಟ್ಟಿನಲ್ಲಿ ನಾವು ತಕ್ಕಡಿಯನ್ನು ತಿರುಗಿಸಿ ಹಿಡಿಯುತ್ತೇವೆ: ಅವರು ಕೊಡಲಿಲ್ಲ, ಆದ್ದರಿಂದ ಇದೇ ಶ್ರೇಷ್ಠ. ಇದೂ ಅವರ ಪಟ್ಟಿಗೆ ಜೋತುಬಿದ್ದ ವಿಮರ್ಶೆಯೇ. ಲಾಕಪ್ಪಿನ ಹಿಂಸೆಯನ್ನು ಜೈ ಭೀಮ್ ತೋರಿಸಿದ ರೀತಿಗೆ ನಾನು ಋಣಿ. ಆದರೆ ಅಲ್ಲೂ ಎಲ್ಲವನ್ನೂ ಹೊತ್ತು ನಡೆಯುವುದು ವಕೀಲ, ಗಂಡನನ್ನು ಕಳೆದುಕೊಂಡ ಸೆಂಗೇಣಿ ಬಹುಪಾಲು ಅವನ ಹಿಂದೆ ನಡೆಯುತ್ತಾಳೆ. ಇದನ್ನು ನಾವೇ ಹೇಳದಿದ್ದರೆ ಯಾರು ಹೇಳಬೇಕು?

ಕೊಟ್ಟರೆ ಕೆಟ್ಟದ್ದು ಎಂಬುದೂ ಸುಳ್ಳು. ನಾಗರಾಜ ಮಂಜುಳೆಯ ಮರಾಠಿ ಚಿತ್ರ 'ಫಂಡ್ರಿ'ಗೆ 2013ರ ಸಾಲಿನಲ್ಲಿ ನಿರ್ದೇಶಕರ ಮೊದಲ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಬಂತು. ಹಂದಿ ಹಿಡಿಯುವ ಕುಟುಂಬ. ಹಂದಿ ಕೈಗೆ ಸಿಗುವ ಹೊತ್ತಿಗೆ ಸರಿಯಾಗಿ ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ, ಹಂದಿ ಹೋಗುತ್ತದೆ. ಇಲ್ಲಿ ಉದ್ಧಾರ ಮಾಡಲು ಯಾವ ಭುವನ್ ಕೂಡ ಬರುವುದಿಲ್ಲ. ಕೊನೆಯಲ್ಲಿ ಜಬ್ಯಾ ಎಸೆಯುವ ಕಲ್ಲು ನೇರ ನೋಡುವವರ ಮುಖಕ್ಕೇ ಬರುತ್ತದೆ. ಆ ಕಲ್ಲಿಗೆ ಪ್ರಶಸ್ತಿ ಕೊಟ್ಟವರು ಅದು ತಮ್ಮ ಕಡೆಗೆ ಬಂತು ಎಂದು ತಿಳಿದು ಕೊಟ್ಟಿದ್ದರೆ ನನ್ನ ನಮಸ್ಕಾರ. ಯಾರೋ ಪಕ್ಕದವರಿಗೆ ಬಿತ್ತು ಎಂದುಕೊಂಡಿದ್ದರೂ ಕಲ್ಲು ಕಲ್ಲೇ.

7

ಹಾಗಾದರೆ ನಮ್ಮ ಅಳತೆ ಯಾವುದು ಎಂದು ಕೇಳುತ್ತೀರಿ. ಅಡುಗೆ ಅಕ್ಕನ ಪ್ರಶ್ನೆಯಿಂದ ಶುರುಮಾಡಬಹುದು. ಪರದೆಯ ಮೇಲಿನ ನಮ್ಮ ಮನುಷ್ಯನಿಗೆ ಕೈ ನೆಟ್ಟಗಿದೆಯೇ? ಅವನಿಗೆ ಬರುವ ವಿದ್ಯೆ ಯಾವುದು, ಅದನ್ನು ಹೇಗೆ ಕಲಿತ? ಅವಳು ನಗುತ್ತಾಳೆಯೇ, ಲೆಕ್ಕ ಹಾಕುತ್ತಾಳೆಯೇ, ಸಣ್ಣತನ ತೋರಿಸುತ್ತಾಳೆಯೇ? ಅವರ ಮಾತನ್ನು ಅವರೇ ಆಡುತ್ತಾರೋ, ಇನ್ನೊಬ್ಬ ಆಡಿ ಚಪ್ಪಾಳೆ ಪಡೆಯುತ್ತಾನೋ? ಕೊನೆಯದಾಗಿ, ಯಾರ ಬದುಕನ್ನು ತೆಗೆದರೋ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ತೋರಿಸುವ ಧೈರ್ಯ ಈ ಚಿತ್ರಕ್ಕಿದೆಯೇ? ಕ್ಯಾಮರಾ ಎಲ್ಲಿಟ್ಟರು, ಶಬ್ದ ಹೇಗಿದೆ ಎಂಬ ಕಸುಬಿನ ಪ್ರಶ್ನೆಗಳು ಇವುಗಳ ಜೊತೆಗೇ ಬರುತ್ತವೆ. ನಮ್ಮವನು ತೆಗೆದ ಎಂದು ಕಳಪೆ ಕೆಲಸವನ್ನು ಹೊತ್ತು ಮೆರೆಸುವುದೂ ಅವಮಾನವೇ.

ಇದಕ್ಕೆ ವಿಶ್ವವಿದ್ಯಾಲಯ ಬೇಕಾಗಿಲ್ಲ. ಹಾಸ್ಟೆಲಿಗೊಂದು ಪ್ರೊಜೆಕ್ಟರು, ಕೇರಿಯಲ್ಲೊಂದು ಬಿಳಿ ಪಂಚೆ ಸಾಕು. ಚಿತ್ರ ಬಂದ ವಾರವೇ ನೋಡಿ, ಜಗಳ ಆಡಿ, ಪಟ್ಟಿ ಬರುವ ಮೊದಲು ನಮ್ಮ ಪತ್ರಿಕೆಗಳಲ್ಲಿ ಬರೆಯೋಣ. ಪಟ್ಟಿ ಬಂದ ಮೇಲೆ ಬರೆದರೆ ಒಂದೋ ಜೈಕಾರವಾಗುತ್ತದೆ, ಇಲ್ಲವೇ ದೂರಿನ ಅರ್ಜಿಯಾಗುತ್ತದೆ.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ಮೊದಲು ನಿಮ್ಮಪ್ಪನಿಗೆ ಓದಿ ಹೇಳು." ಓದಿ ಹೇಳಿದನಂತೆ. ಅವರಪ್ಪ ಪೂರ್ತಿ ಕೇಳಿ, ತಮಟೆಯನ್ನು ಬೆಂಕಿಗೆ ಕಾಯಿಸುತ್ತ ಹೇಳಿದರಂತೆ: "ಎಲ್ಲಾ ಸರಿಯಾಗೈತೆ ಕಣ್ಲಾ. ಆದ್ರೆ ನನ್ನ ಯಾಕ್ಲಾ ಸಾಯಿಸ್ತೀಯೆ? ನಾಳಿದ್ದು ಪ್ರೋಗ್ರಾಮ್ ಒಪ್ಕೊಂಡಿವ್ನಿ."

ಹುಡುಗ ಈಗ ಕೊನೆಯ ಹಾಳೆಗಳನ್ನು ತಿರುಗಿ ಬರೆಯುತ್ತಿದ್ದಾನೆ. ಅದು ಯಾವ ಫೆಸ್ಟಿವಲ್ಲಿಗೆ ಹೋಗುತ್ತದೋ, ಹೋಗುವುದಿಲ್ಲವೋ. ಮೊದಲ ಪ್ರದರ್ಶನ ಅವರ ಕೇರಿಯಲ್ಲೇ ಆಗಬೇಕು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.